ಐದು ನೀರಿನ ಕಾಫಿ

ಯಾರೂ ಎದುರು ನಿಲ್ಲಲಿಲ್ಲ, ಯಾರೂ ತಕರಾರು ಎತ್ತಲಿಲ್ಲ. ಕಾಫಿ ಒಕ್ಕೂಟದ ಅಧ್ಯಕ್ಷಗಿರಿ ಐದೇ ನಿಮಿಷದಲ್ಲಿ ರುಚಿಯಕ್ಕನ ಕೊರಳಿಗೆ ಬಿತ್ತು. ಅವಳಿಗೆ ಅನುಮಾನ ಹುಟ್ಟಿದ್ದು ಅಲ್ಲೇ. ಆ ಸಭೆಯ ಕೋಣೆಯಲ್ಲಿ ಬಿಸ್ಕತ್ತು ಯಾವ ತಟ್ಟೆಯಲ್ಲಿ ಬರಬೇಕೆಂಬುದಕ್ಕೂ ಅರ್ಧ ಗಂಟೆ ಜಗಳವಾಗುತ್ತಿತ್ತು.

ಬೆಳೆಗಾರರು, ಹಣ್ಣಿನ ಸಿಪ್ಪೆ ಸುಲಿದು ಬೀಜ ತೊಳೆಯುವ ಐದು ಪಲ್ಪರ್ ಮನೆಗಳವರು, ರಫ್ತಿನವರು ಸೇರಿ ಕಟ್ಟಿಕೊಂಡ ಒಕ್ಕೂಟ ಅದು. ಮಣ್ಣು, ನೀರು, ನೆರಳು ಕೆಡಿಸದೆ ಬೆಳೆದ ಕಾಫಿ ಎಂದು ಮೂಟೆಯ ಮೇಲೆ ಅವರದೇ ಮುದ್ರೆ ಬೀಳುತ್ತಿತ್ತು. ನಮ್ಮ ಯಾವ ಮನೆಯ ಕೊಳೆ ನೀರೂ ತೊರೆಗೆ ಸೇರುತ್ತಿಲ್ಲ ಎಂದು ಅಧ್ಯಕ್ಷರಾದವರು ವರ್ಷಕ್ಕೊಮ್ಮೆ ಸಹಿ ಹಾಕಬೇಕು. ತಪ್ಪಿದ ಮನೆ ಆ ಸುಗ್ಗಿಗೆ ಬಾಗಿಲು ಹಾಕಬೇಕು. ಸಹಿ ಸುಳ್ಳೆಂದು ಗೊತ್ತಾದರೆ ಎಲ್ಲರ ಮುದ್ರೆಯೂ ಹೋಗುತ್ತದೆ.

ರುಚಿಯಕ್ಕ ಬೆಳೆಗಾರ್ತಿಯಲ್ಲ, ವ್ಯಾಪಾರಿಯೂ ಅಲ್ಲ. ಎಲ್ಲರ ಕಾಫಿಯನ್ನೂ ಕುಡಿದು ನೋಡಿ ದರ್ಜೆ ಹೇಳುವುದು ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ. ಅವಳ ನಾಲಗೆಗೆ ಮುಲಾಜು ಎಂಬುದು ಗೊತ್ತಿರಲಿಲ್ಲ. ಸಭೆಯಲ್ಲಿ ಕೂತಿದ್ದವರಲ್ಲಿ ಅರ್ಧ ಜನರಾದರೂ ಅವಳ ಬಾಯಿಗೆ ಸಿಕ್ಕಿ ನೊಂದವರೇ. ಅಂಥವರು ತನ್ನನ್ನು ತಲೆಯ ಮೇಲೆ ಕೂರಿಸಿಕೊಂಡರೆಂದರೆ ಏನೋ ಇರಬೇಕು.

ಮಂಡಿ ನೋವೆಂದು ಅಧ್ಯಕ್ಷತೆ ಬಿಟ್ಟುಕೊಟ್ಟವರು ದೊಡ್ಡ ತೋಟದ ಯಜಮಾನರು. ಐದು ಮನೆಗಳಲ್ಲಿ ಅತಿ ದೊಡ್ಡದು ಅವರದೇ. ಸಭೆ ಮುಗಿದ ಮೇಲೆ ಅವರು ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದದ್ದನ್ನು ರುಚಿಯಕ್ಕ ಕಿಟಕಿಯಿಂದ ಕಂಡಳು.

ಮರುದಿನ ರಫ್ತಿನವನು ಕಾಗದ ಹಿಡಿದು ಬಂದ.

"ಏನಕ್ಕ, ಸಿಹಿ ಹಂಚಲ್ವಾ?"

"ನಿಮ್ಮ ಬಾಯಲ್ಲೇ ಬೇಕಾದಷ್ಟಿದೆಯಲ್ಲಪ್ಪ."

"ಒಂದು ಸಹಿ ಹಾಕ್ಬಿಡಿ. ಸೋಮವಾರ ಕೊಳ್ಳೋರು ಬರ್ತಾರೆ. ಹೋದ ವರ್ಷದ್ದೇ ಕಾಗದ, ತಾರೀಖು ಮಾತ್ರ ಹೊಸದು."

"ಓದಿ ಹಾಕ್ತೀನಿ."

"ಅಯ್ಯೋ, ಓದೋಕೆ ಅದರಲ್ಲೇನಿದೆ!"

ಓದೋಕೆ ಏನೂ ಇಲ್ಲ ಎಂದು ಅವನು ಮೂರು ಸಲ ಹೇಳಿದ. ಒಂದೇ ಸಲ ಹೇಳಿದ್ದರೆ ಅವಳು ನಂಬುತ್ತಿದ್ದಳೇನೋ.

ಅವನು ಹೋದದ್ದೇ ತಡ, ಅವಳು ಐದು ಕ್ಯಾನು ಹಿಡಿದು ಹೊರಟಳು. ಒಂದೊಂದು ಪಲ್ಪರ್ ಮನೆಯ ಕೆಳಗೂ ಒಂದೊಂದು ತೊರೆ. ಐದರಿಂದಲೂ ನೀರು ತುಂಬಿಕೊಂಡು ಬಂದಳು. ಪ್ರಯೋಗಾಲಯದ ವರದಿ ಬರಲು ಹತ್ತು ದಿನ ಬೇಕು, ಇರುವುದು ಮೂರು. ಬಾಯಲ್ಲೇ ನಾಲಗೆ ಇರುವಾಗ ಊರೆಲ್ಲ ಏಕೆ ಹುಡುಕಬೇಕು?

ದಿನವೂ ಅವಳು ಒಂದೇ ನೀರಿನಲ್ಲಿ ಬೇರೆ ಬೇರೆ ಕಾಫಿ ನೋಡುತ್ತಿದ್ದಳು. ಅಂದು ಕಾಫಿ ಒಂದೇ, ನೀರು ಐದು. ಸಹಾಯಕಿ ಲೋಟಗಳ ತಳಕ್ಕೆ ಆಯಾ ಮನೆಯ ನಂಬರು ಅಂಟಿಸಿ, ಇವಳ ಬೆನ್ನ ಹಿಂದೆ ಸಾಲು ಕಲೆಸಿಟ್ಟಳು. ಮೊದಲನೆಯದು ಸರಿ. ಎರಡನೆಯದೂ ಸರಿ. ಮೂರನೆಯ ಲೋಟಕ್ಕೆ ಮೂಗು ತಂದಳೋ ಇಲ್ಲವೋ, ಕೊಳೆತ ಸಿಪ್ಪೆಯ ಹುಳಿ ವಾಸನೆ ರಪ್ಪನೆ ಹೊಡೆಯಿತು. ಚಮಚದಲ್ಲಿ ಎಳೆದುಕೊಂಡು ಉಗಿದಳು. ಅವಳಿಗೆ ಒಳಗೊಳಗೇ ಖುಷಿಯಾಯಿತು. ಸಿಕ್ಕಿಬಿದ್ದರು ಯಜಮಾನರು!

ಲೋಟ ಎತ್ತಿ ತಳ ನೋಡಿದಳು. ನಾಲ್ಕು. ಅದು ಅವಳ ಸ್ವಂತ ತಮ್ಮನ ಪಲ್ಪರ್ ಮನೆ.

"ಇನ್ನೊಂದು ಸಲ ಇಡು."

ಸಹಾಯಕಿ ಮತ್ತೆ ಕಲೆಸಿಟ್ಟಳು. ಈ ಬಾರಿ ಕೊನೆಯ ಲೋಟ. ತಳದಲ್ಲಿ ಅದೇ ನಾಲ್ಕು. ತನ್ನ ನಾಲಗೆ ತಪ್ಪಿರಲಿ ಎಂದು ಅವಳು ಬಯಸಿದ್ದು ಜನ್ಮದಲ್ಲಿ ಅದೇ ಮೊದಲು.

"ಅಕ್ಕಾ, ತೊಳೆದುಬಿಡ್ಲಾ? ನಾನೇನೂ ನೋಡಿಲ್ಲ," ಎಂದಳು ಸಹಾಯಕಿ.

"ನೋಡಿದ್ದೀಯ. ಬರೆದಿಡು."

ತಮ್ಮನ ಪಲ್ಪರ್ ಮನೆಯ ಅಂಗಳದಲ್ಲಿ ಕೆಂಪು ಹಣ್ಣಿನ ಮೂಟೆಗಳು ಸಾಲುಗಟ್ಟಿದ್ದವು. ತಂದವರೆಲ್ಲ ಎರಡೆಕರೆ, ಮೂರೆಕರೆಯ ಸಣ್ಣ ಬೆಳೆಗಾರರು. ಇಲ್ಲಿ ತೂಕದಲ್ಲಿ ಮೋಸವಿಲ್ಲವೆಂದು ಹೊತ್ತು ಬರುವವರು. ತಮ್ಮ ಯಂತ್ರದ ಸದ್ದಿನಾಚೆಯಿಂದಲೇ ಅಕ್ಕನ ಮುಖ ನೋಡಿದ. ಹತ್ತಿರ ಬರುವ ಹೊತ್ತಿಗೆ ಅವನ ನಗು ಇಳಿದಿತ್ತು.

"ಕೊಳೆ ನೀರಿನ ತೊಟ್ಟಿ ಬಿರುಕು ಬಿಟ್ಟಿದೆ, ಅಲ್ವಾ?"

"ಯಾರು ಹೇಳಿದ್ರು?"

"ನೀರು."

ತಮ್ಮ ತಲೆ ಕೆರೆದುಕೊಂಡ. "ಸುಗ್ಗಿ ಮುಗೀಲಿ ಅಕ್ಕ, ಕಟ್ಟಿಸ್ತೀನಿ. ಈಗ ನಿಲ್ಲಿಸಿದ್ರೆ ಇವರ ಹಣ್ಣೆಲ್ಲ ಕೊಳೆತು ಹೋಗುತ್ತೆ."

"ಸಭೇಲಿ ನನ್ನ ಹೆಸರು ಹೇಳಿದ್ದು ನೀನು. ಯಾಕೆ?"

"ತೊಟ್ಟಿ ವಿಷಯ ಯಜಮಾನರಿಗೆ ಗೊತ್ತಿತ್ತು. ಅವರೇ ಹೇಳು ಅಂದ್ರು. ನಿಮ್ಮಕ್ಕ ಕೂತ್ರೆ ಮನೆ ಮಾತು ಮನೇಲೇ ಉಳಿಯುತ್ತೆ ಅಂದ್ರು."

"ಅವರನ್ನ ನಂಬಿದ್ಯಾ?"

"ನಿನ್ನನ್ನ ನಂಬಿದ್ದೆ."

ಅವಳು ತೂಕದ ಮೇಜಿನ ಮೇಲೆ ಕಾಗದ ಬಿಡಿಸಿ, ನಾಲ್ಕನೆಯ ಮನೆಯ ತೊಟ್ಟಿ ಸೋರುತ್ತಿದೆ, ಇಂದಿನಿಂದ ಬಾಗಿಲು ಹಾಕಲಾಗಿದೆ ಎಂದು ಬರೆದಳು. ಆಮೇಲೆ ಸಹಿ ಹಾಕಿದಳು.

"ಆಯ್ತಲ್ಲ?" ಎಂದ ಅವನು. "ಈಗ ಆ ಕಡೆ ನೋಡು."

ರಸ್ತೆಯ ತಿರುವಿನಲ್ಲಿ ಖಾಲಿ ಲಾರಿಯೊಂದು ನಿಂತಿತ್ತು. ಬಾಗಿಲ ಮೇಲೆ ದೊಡ್ಡ ತೋಟದ ಹೆಸರು.

"ಮಧ್ಯಾಹ್ನದಿಂದ ನಿಂತಿದೆ. ನಿನ್ನನ್ನ ಕ್ಯಾನು ಹಿಡ್ಕೊಂಡು ತಿರುಗೋವಾಗ ನೋಡಿರ್ಬೇಕು. ನೀನು ಸುಮ್ನೆ ಸುಳ್ಳು ಸಹಿ ಹಾಕಿದ್ರೆ ನಿನ್ನ ಜುಟ್ಟು ಯಜಮಾನರ ಕೈಲಿ. ಬಾಯಿ ಬಿಟ್ರೆ ನನ್ನ ಹಣ್ಣು ಅವರ ಮನೆಗೆ. ನಿಂಗೆ ಹೊಳೀಲೇ ಇಲ್ವಾ?"

"ಇಲ್ಲ," ಎಂದಳು ರುಚಿಯಕ್ಕ. ಎಲ್ಲರನ್ನೂ ಅನುಮಾನಿಸಿದ್ದಳು, ಇಷ್ಟು ದೂರ ಅನುಮಾನಿಸಿರಲಿಲ್ಲ.

"ಹರಿದು ಹಾಕು ಹಾಗಾದ್ರೆ."

"ಯಾರಿಗೆ ಲಾಭ ಆದ್ರೂ ತೊರೆ ನೀರು ಅದೇ ಅಲ್ವೇನೋ?"

ಸುದ್ದಿ ಆಗಲೇ ಸಾಲಿನಲ್ಲಿ ಹರಿದಾಡಿತ್ತು. ತಲೆಗೆ ವಸ್ತ್ರ ಸುತ್ತಿದ ಮುದುಕಿಯೊಬ್ಬಳು ಪಕ್ಕದವಳಿಗೆ, ಇವಳಿಗೂ ಕೇಳಲೆಂದೇ, ಹೇಳಿದಳು: "ಒಡಹುಟ್ಟಿದವನ ಅನ್ನಕ್ಕೇ ಕಲ್ಲು ಹಾಕಿದ್ಳು ನೋಡು. ಯಜಮಾನರ ಹತ್ರ ಎಷ್ಟು ತಿಂದ್ಲೋ!"

ರುಚಿಯಕ್ಕ ಅದನ್ನು ನುಂಗಿಕೊಂಡಳು. ಆ ಮುದುಕಿಯ ಜಾಗದಲ್ಲಿ ನಿಂತಿದ್ದರೆ ತಾನೂ ಹಾಗೇ ಅನ್ನುತ್ತಿದ್ದಳು.

ಅಷ್ಟರಲ್ಲಿ ಲಾರಿಯವನು ಹಿಂದಿನ ಹಲಗೆ ಇಳಿಸಿ ಒಳಗೆ ಬಂದ. "ತುಂಬ್ಕೊಳ್ಳೋಣ್ವಾ ಅಮ್ಮ?"

"ಒಂದು ಮೂಟೇನೂ ಹತ್ತಬಾರ್ದು. ಉಳಿದ ನಾಲ್ಕೂ ಮನೆಗೆ ಸಮ ಹೋಗ್ಬೇಕು."

"ಹಾಗಂತ ಯಾವ ನಿಯಮದಲ್ಲಿದೆ?"

"ಇನ್ನೂ ಇಲ್ಲ. ಸೋಮವಾರ ಸಭೆ ಕರೆದು ತರ್ತೀನಿ. ಯಾರು ಬೇಡ ಅಂತಾರೋ ನೋಡ್ತೀನಿ."

"ಸೋಮವಾರದ ತನಕ ಹಣ್ಣು ಕಾಯುತ್ತಾ?" ಎಂದು ಲಾರಿಯವನು ನಕ್ಕ. ಸಾಲಿನಲ್ಲೂ ಒಬ್ಬಿಬ್ಬರು ನಕ್ಕರು.

ತಮ್ಮ ಯಂತ್ರ ನಿಲ್ಲಿಸಿದ. ಯಜಮಾನರದ್ದು ಬಿಟ್ಟರೆ ಹತ್ತಿರದ ಪಲ್ಪರ್ ಮನೆ ಗುಡ್ಡದಾಚೆ, ಒಂದೂವರೆ ಮೈಲಿ. ಅವನು ಅಕ್ಕನ ಕಡೆ ತಿರುಗದೆ ತಳ್ಳುಗಾಡಿ ಎಳೆದು ತಂದು, ಮೊದಲ ಮೂಟೆಯ ಮುಂದೆ ಬಗ್ಗಿದ.

"ಬರೀ ಸಹಿ ಹಾಕೋಕೆ ಬಂದ್ಯಾ ಅಧ್ಯಕ್ಷರೇ? ಆ ತುದಿ ಹಿಡಿ."

ಅವಳು ಸೆರಗು ಬಿಗಿದು ಮೂಟೆಯ ತುದಿ ಹಿಡಿದಳು.