ಹೆಸರಿನ ಮೇಲೆ ಕಪ್ಪು ಪಟ್ಟಿ

ಮೆಕ್ಕಾದ ಉಮ್ರಾ ಯಾತ್ರೆಗೆ ಹೊರಟ ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರಲು ಆಗುವುದಿಲ್ಲ. ಬೆಳ್ಳಾರೆಯ ಆಸಿಯಮ್ಮನ ಮನೆಯೂ ಆ ಶನಿವಾರ ಹಾಗೇ ಇತ್ತು. ಚೀಲ ತುಂಬಿಸುವುದು, ಭಾರ ಹೆಚ್ಚಾಯಿತೆಂದು ಪುನಃ ನೆಲಕ್ಕೆ ಸುರಿಯುವುದು. ಗಂಡ ಕುಂಞಿ ಮೋನು ಉಪ್ಪಿನಕಾಯಿ ಡಬ್ಬಿಯನ್ನು ಒಳಗಿಟ್ಟರೆ ಆಸಿಯಮ್ಮ ಅದನ್ನು ಹೊರಗಿಡುವುದು. ಮಂಗಳವಾರ ಬೆಳಿಗ್ಗೆ ಇಬ್ಬರೂ ಹೊರಡಬೇಕಿತ್ತು.

ಮಗಳು ಜಸೀನಾಳ ಚಡಪಡಿಕೆ ಬೇರೆಯದು. ಅವಳು ಕಡಬದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಗೊತ್ತಲ್ಲ, ಪ್ರತಿ ವರ್ಷವೂ 'ಮುಂದಿನ ವರ್ಷ ನೋಡೋಣ' ಎಂದು ಕೇಳಿಸಿಕೊಳ್ಳುವ ಜಾತಿ. ಸೋಮವಾರ ಅವಳ ಪಾಠ ಕೇಳಲು ಪ್ರಿನ್ಸಿಪಾಲರು ಬಂದು ಕೂರುವವರಿದ್ದರು, ಜೊತೆಗೆ ಸುಳ್ಯ, ಪುತ್ತೂರು ಕಡೆಯ ಉಪನ್ಯಾಸಕರೂ ನಾಲ್ಕಾರು ಮಂದಿ. ಮೊಟ್ಟೆಯೊಳಗೆ ಮರಿ ಹೇಗೆ ಬೆಳೆಯುತ್ತದೆ ಎಂಬುದು ಪಾಠ. ಬಾಯಲ್ಲಿ ಎಷ್ಟು ಹೇಳಿದರೂ ಅದು ಮಕ್ಕಳ ತಲೆಗೆ ಹೋಗುವಂಥದ್ದಲ್ಲ, ಕಣ್ಣಿಗೆ ಕಾಣಬೇಕು. ಪ್ರಯೋಗಾಲಯದ ಸೂಕ್ಷ್ಮದರ್ಶಕಕ್ಕೆ ಕಳೆದ ಮಳೆಗಾಲದಲ್ಲಿ ಬೂಸ್ಟು ಹಿಡಿದದ್ದು ಇನ್ನೂ ಹೋಗಿರಲಿಲ್ಲ.

ಅದಕ್ಕೆ ಅವಳು ಒಂದು ಉಪಾಯ ಮಾಡಿದ್ದಳು. ಚಿಕ್ಕಮ್ಮನ ಮಗಳು ರಸೀನಾಳ ಫೋನಿನಲ್ಲಿ ಹಣ ಕಟ್ಟಿ ಹಾಕಿಸಿಕೊಂಡ ಯಾವುದೋ ಟ್ಯೂಷನ್ ಕಂಪೆನಿಯ ಆ್ಯಪ್ ಇತ್ತು. ಅದರಲ್ಲಿ ಈ ಪಾಠದ ಒಳ್ಳೆಯ ವಿಡಿಯೊ ಒಂದಿತ್ತು. ಅದು ಓಡುವಾಗ ಜಸೀನಾ ಸ್ಕ್ರೀನ್ ರೆಕಾರ್ಡ್ ಮಾಡಿಕೊಂಡಳು. ಶುರುವಿನಲ್ಲಿ ಬರುವ ಮೇಷ್ಟರ ಹೆಸರನ್ನು ಕತ್ತರಿಸಿದಳು. ಮೂಲೆಯಲ್ಲಿದ್ದ ಕಂಪೆನಿಯ ಹೆಸರನ್ನು ಕತ್ತರಿಸಲು ಆಗಲಿಲ್ಲ, ಅದರ ಮೇಲೆ ಒಂದು ಕಪ್ಪು ಪಟ್ಟಿ ಅಂಟಿಸಿದಳು. ಆಮೇಲೆ 'ಸೋಮವಾರದ ಪಾಠಕ್ಕೆ ನನ್ನ ತಯಾರಿ' ಎಂದು ಬರೆದು ಕಾಲೇಜಿನ ವಾಟ್ಸಾಪ್ ಗುಂಪಿಗೆ ಕಳಿಸಿದಳು. ಮೆಚ್ಚುಗೆಯ ಹೆಬ್ಬೆರಳುಗಳು ಸಾಲುಸಾಲಾಗಿ ಬಂದವು. ಅದನ್ನು ನೋಡಿ ಖುಷಿಯಾಯಿತು, ಆದರೆ ಯಾಕೋ ಅವತ್ತಿನಿಂದ ಫೋನ್ ಸದ್ದು ಮಾಡಿದರೆ ಎದೆ ಧಸಕ್ ಎನ್ನುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪಾಡು ಅದು.

ಯಾತ್ರೆಗೆ ಹೊರಡುವ ಮೊದಲು ಈ ಕಡೆಯ ಬ್ಯಾರಿ ಮುಸ್ಲಿಮರಲ್ಲಿ ಒಂದು ಕ್ರಮ ಉಂಟು. ನೆಂಟರು, ನೆರೆಹೊರೆಯವರ ಮನೆಗೆಲ್ಲ ಹೋಗಿ, 'ತಿಳಿದೋ ತಿಳಿಯದೆಯೋ ನಿಮ್ಮದೇನಾದರೂ ನಮ್ಮ ಕೈಗೆ ಬಂದಿದ್ದರೆ, ಬಾಯಿ ಜಾರಿ ಏನಾದರೂ ಆಡಿದ್ದರೆ, ಮಾಫ್ ಮಾಡಿ' ಎಂದು ಕೇಳಿ ಬರಬೇಕು. ಇನ್ನೊಬ್ಬರ ಹಕ್ಕನ್ನು ಹೊತ್ತುಕೊಂಡು ಆ ಪುಣ್ಯಭೂಮಿಗೆ ಹೋಗಬಾರದು. ಆ ಮಧ್ಯಾಹ್ನ ಆಸಿಯಮ್ಮ ಮಗಳನ್ನೂ ಕರೆದುಕೊಂಡು ಹೊರಟರು. ಒಂದು ಮನೆಯಲ್ಲಿ ಕೋಳಿಯ ವಿಷಯದಲ್ಲಿ ಆಗಿದ್ದ ಜಗಳಕ್ಕೆ ಮಾಫ್ ಕೇಳಿದರು, ಇನ್ನೊಂದು ಮನೆಯಲ್ಲಿ ಹಿಂತಿರುಗಿಸದ ಪಾತ್ರೆಗೆ. ಕಡೆಗೆ ಬೇಲಿಯಾಚೆಯ ಶೀಲಾವತಿಯ ಮನೆಗೆ ಬಂದರು. ಶೀಲಾವತಿಯದು ಮನೆಯಲ್ಲಿ ಅರೆಭಾಷೆ ಎಂಬ ಈ ಕಡೆಯ ಮಾತಾಡುವ ಕುಟುಂಬ. ಎರಡು ಮನೆಗಳ ನಡುವೆ ಇರುವುದು ಒಂದು ಬೇಲಿ ಮತ್ತು ಒಂದು ಬಿಂಬುಳಿ ಮರ. ಮರ ಶೀಲಾವತಿಯದು. ಆದರೆ ಅದರ ಹುಳಿ ಹಣ್ಣು ಹೆಚ್ಚು ಬೀಳುವುದು ಆಸಿಯಮ್ಮನ ಮೀನುಸಾರಿಗೆ.

"ಎಷ್ಟು ಬಿಂಬುಳಿ ಕೊಯ್ದಿದ್ದೇನೋ ಲೆಕ್ಕ ಇಲ್ಲ ಶೀಲಕ್ಕ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ" ಎಂದರು ಆಸಿಯಮ್ಮ.

ಶೀಲಾವತಿ ನಕ್ಕುಬಿಟ್ಟರು. "ಅದಕ್ಕೆ ಎಂತ ಮಾಫ್ ಕೇಳುದು? ಮರ ಕಾಯಿ ಬಿಟ್ಟ ವರ್ಷವೇ ಹೇಳಿದ್ದೆನಲ್ಲ, ಬೇಕಾದಾಗ ಕೊಯ್ಕೊಳ್ಳಿ, ಕೇಳುದು ಬೇಡ ಅಂತ. ಕೊಟ್ಟ ಮೇಲೆ ಅದು ನಿಮ್ಮದೇ."

ಮನೆಗೆ ಬಂದು ಜಸೀನಾ ಪಾಠವನ್ನು ಇನ್ನೊಮ್ಮೆ ನೋಡಿಕೊಳ್ಳಲು ಕುಳಿತಳು. ಆಸಿಯಮ್ಮ ಬಟ್ಟೆ ಮಡಚುತ್ತಾ ಬಂದು ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದರು. ಮೊಟ್ಟೆ, ಮರಿ ಎಂದರೆ ಅವರಿಗೆ ತಿಳಿದ ವಿಷಯ. ಹಿತ್ತಿಲಲ್ಲಿ ಒಂದು ಕೋಳಿ ಕಾವಿಗೆ ಕೂತದ್ದೂ ಇತ್ತು. ಸ್ವಲ್ಪ ಹೊತ್ತು ಕುತೂಹಲದಿಂದ ನೋಡಿ, ಆ ಮೂಲೆಯಲ್ಲಿ ಗಾಯಕ್ಕೆ ಅಂಟಿಸಿದ ಪ್ಲಾಸ್ಟರಿನ ಹಾಗೆ ಕಪ್ಪು ಎಂತದು ಎಂದು ಕೇಳಿದರು. ಜಸೀನಾ ಏನೂ ಇಲ್ಲ ಎಂದಳು. ತಾಯಂದಿರಿಗೆ 'ಏನೂ ಇಲ್ಲ' ಎಂದರೆ ಏನೋ ಉಂಟು ಎಂದೇ ಅರ್ಥ. ಕೆದಕಿ ಕೆದಕಿ ಕೇಳಿದಾಗ ಎಲ್ಲವೂ ಹೊರಬಂತು.

ಜಸೀನಾ ವಾದ ಮಾಡಿದಳು. ಎಲ್ಲರೂ ಹೀಗೇ ಮಾಡುವುದು, ಅದು ದೊಡ್ಡ ಊರಿನ ದೊಡ್ಡ ಕಂಪೆನಿ, ಒಂದು ವಿಡಿಯೊದಿಂದ ಅವರಿಗೆ ನಷ್ಟವೇನೂ ಇಲ್ಲ, ತಾನೇನೂ ಮಾರಾಟ ಮಾಡುತ್ತಿಲ್ಲ, ಮಕ್ಕಳಿಗೆ ಕಲಿಸುತ್ತಿದ್ದೇನೆ ಎಂದಳು. ಆಸಿಯಮ್ಮ ಎಲ್ಲವನ್ನೂ ಕೇಳಿಸಿಕೊಂಡರು.

"ತಪ್ಪಲ್ಲದಿದ್ದರೆ ಹೆಸರು ಯಾಕೆ ಮುಚ್ಚಿದೆ?"

ಜಸೀನಾ ವಿಡಿಯೊ ನಿಲ್ಲಿಸಿ ಫೋನನ್ನು ಮಗುಚಿ ಇಟ್ಟಳು.

"ನಾನು ನಾಲ್ಕು ಬಿಂಬುಳಿಗೆ ಮನೆಮನೆ ತಿರುಗಿ ಮಾಫ್ ಕೇಳಿ ಬಂದೆ. ನನ್ನ ಮಗಳು ಯಾರದ್ದೋ ಮರವನ್ನೇ ಕಡಿದು ತಂದು ನಮ್ಮದು ಅಂತ ನೆಟ್ಟಿದ್ದಾಳೆ. ಇದು ಸರಿಯಾಗುವ ತನಕ ನಾನು ಹೋಗುದಿಲ್ಲ."

ಹೇಳಿದವರೇ ಅರ್ಧ ತುಂಬಿದ ಚೀಲದ ಜಿಪ್ ಎಳೆದು ಮೂಲೆಗೆ ಸರಿಸಿದರು. ಕುಂಞಿ ಮೋನು ಇಬ್ಬರ ಮುಖವನ್ನೂ ನೋಡಿ, ಉಪ್ಪಿನಕಾಯಿ ಡಬ್ಬಿ ಹಿಡಿದುಕೊಂಡೇ ಅಂಗಳಕ್ಕೆ ಇಳಿದರು. ಆಸಿಯಮ್ಮ ಈ ಯಾತ್ರೆಗೆ ಎಷ್ಟು ವರ್ಷದಿಂದ ಕಾದಿದ್ದರೆಂದು ಜಸೀನಾಳಿಗೆ ಗೊತ್ತಿತ್ತು. ತನ್ನಿಂದಾಗಿ ಉಮ್ಮ ನಿಂತುಬಿಡುವುದು ಅವಳಿಗೆ ಬೇಡವಾಗಿತ್ತು. ಆ ವಿಡಿಯೊ ಬಿಸಿತುಪ್ಪವಾಗಿತ್ತು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಉಗುಳಿದರೆ ಸೋಮವಾರಕ್ಕೆ ಪಾಠವೇ ಇಲ್ಲ.

ಭಾನುವಾರ ಬೆಳಿಗ್ಗೆ ಅವಳು ಬಿಂಬುಳಿ ಮರದ ಬುಡಕ್ಕೆ ಹೋದಳು. ಎರಡು ಮನೆಗೂ ಸರಿಯಾಗಿ ರೇಂಜ್ ಸಿಗುವುದು ಅಲ್ಲಿ ಮಾತ್ರ. ಶೀಲಾವತಿಯ ಮಗಳು ಸುರಕ್ಷಾ ಅಲ್ಲಿ ಮೊದಲೇ ನಿಂತಿದ್ದಳು. ಅವಳು ಪುತ್ತೂರಿನ ಒಂದು ಕಾಲೇಜಿನ ಗ್ರಂಥಪಾಲಕಿ, ಜಸೀನಾಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ಜಸೀನಾಳ ಮುಖ ನೋಡಿದವಳೇ ಎಂತ ಆಯಿತೆಂದು ಕೇಳಿದಳು. ಜಸೀನಾ ಒಂದೂ ಬಿಡದೆ ಹೇಳಿದಳು. ಕಡೆಗೆ, ತರಗತಿಯಲ್ಲಿ ತೋರಿಸುವುದೂ ತಪ್ಪಾ ಎಂದು ಕೇಳಿದಳು.

ಪಾಠ ಮಾಡುವವರಿಗೆ ಕೃತಿಸ್ವಾಮ್ಯದ ಕಾನೂನು ಸ್ವಲ್ಪ ಸಡಿಲ ಕೊಟ್ಟದ್ದು ಹೌದು ಎಂದಳು ಸುರಕ್ಷಾ. ಆದರೆ ಮಾಡಿದವರ ಹೆಸರು ಮುಚ್ಚಿ, ತನ್ನದೆಂಬ ಹಾಗೆ ಊರಿಗೆಲ್ಲ ಹಂಚುವುದಕ್ಕೆ ಆ ಸಡಿಲ ಇಲ್ಲ.

"ನೋಡ್ಲಿಕ್ಕೆ ಬಿಟ್ಟದ್ದು ಬೇರೆ, ಕೊಂಡುಹೋಗ್ಲಿಕ್ಕೆ ಬಿಟ್ಟದ್ದು ಬೇರೆ ಮಾರಾಯ್ತಿ. ಅಂಗಡಿ ಬಾಗಿಲು ತೆರೆದುಂಟು ಅಂತ ಸಾಮಾನು ಎತ್ತಿಕೊಂಡು ಬರ್ತೇವಾ? ಆದ್ರೆ ಕೊಂಡುಹೋಗಿ ಅಂತಲೇ ಇಟ್ಟ ವಿಡಿಯೊಗಳು ಬೇಕಾದಷ್ಟು ಉಂಟು. ಅಮ್ಮ ಈ ಮರದ ವಿಷಯ ಹೇಳಿದ್ದಾರಲ್ಲ, ಹಾಗೆ. ಮಾಡಿದವರು ಮುಂಚೆಯೇ ಒಪ್ಪಿಗೆ ಬರೆದಿಟ್ಟಿರ್ತಾರೆ."

ಜಸೀನಾಳಿಗೆ ನಂಬಿಕೆ ಬರಲಿಲ್ಲ. ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವ ಈ ಲೋಕದಲ್ಲಿ, ಕಷ್ಟಪಟ್ಟು ಮಾಡಿದ್ದನ್ನು ಯಾರು ಹಾಗೇ ಕೊಡುತ್ತಾರೆ? ಕೊಟ್ಟರೂ ಅದರಲ್ಲಿ ಗಟ್ಟಿ ಎಷ್ಟಿರುತ್ತದೆ? ಸುರಕ್ಷಾ ಅವಳ ಕೈಯಿಂದ ಫೋನ್ ತೆಗೆದುಕೊಂಡಳು. ವಿಶ್ವವಿದ್ಯಾಲಯದವರು, ಸಂಶೋಧನೆ ಮಾಡುವವರು ತಮ್ಮ ಪ್ರಯೋಗಗಳನ್ನು ಚಿತ್ರೀಕರಿಸಿ ಹೀಗೆ ಇಡುತ್ತಾರೆ, ಉಳಿದವರು ಕಲಿಯಲಿ, ಕಲಿಸಲಿ, ಪರೀಕ್ಷಿಸಿ ನೋಡಲಿ ಎಂದು. ಎಲ್ಲವೂ ಒಳ್ಳೆಯದಿರುತ್ತದೆ ಎಂದಲ್ಲ. ಯಾರು ಮಾಡಿದ್ದು, ಯಾವ ಸಂಸ್ಥೆ, ಯಾವಾಗಿನದ್ದು ಎಂದು ನೋಡಿ ಆರಿಸುವುದು ಮೇಷ್ಟರ ಕೆಲಸ ಎಂದಳು.

ಹುಡುಕುವ ದಾರಿಯನ್ನೂ ತೋರಿಸಿದಳು. ಯೂಟ್ಯೂಬಿನಲ್ಲಿ ಹುಡುಕಿದ ಮೇಲೆ ಫಿಲ್ಟರ್ ಒತ್ತಿ 'ಕ್ರಿಯೇಟಿವ್ ಕಾಮನ್ಸ್' ಎಂಬುದನ್ನು ಆರಿಸಿದರೆ ಒಪ್ಪಿಗೆ ಕೊಟ್ಟವು ಮಾತ್ರ ಉಳಿಯುತ್ತವೆ. ವಿಕಿಮೀಡಿಯ ಕಾಮನ್ಸ್‌ನಂಥ ಜಾಲತಾಣಗಳಲ್ಲಿ ಇಳಿಸಿಕೊಳ್ಳುವ ಗುಂಡಿಯೇ ಇದೆ, ಒಮ್ಮೆ ಇಳಿಸಿಕೊಂಡರೆ ರೇಂಜ್ ಇಲ್ಲದ ತರಗತಿಯಲ್ಲೂ ಓಡುತ್ತದೆ. ವಿಡಿಯೊದ ಕೆಳಗೆ ಒಪ್ಪಿಗೆಯ ಗುರುತು ಇರುತ್ತದೆ. ಬಿವೈ ಎಂದಿದ್ದರೆ ಮಾಡಿದವರ ಹೆಸರು ಹೇಳಲೇಬೇಕು. ಎನ್‌ಸಿ ಎಂದಿದ್ದರೆ ವ್ಯಾಪಾರಕ್ಕೆ ಬಳಸಬಾರದು. ಎನ್‌ಡಿ ಎಂದಿದ್ದರೆ ತಿದ್ದಿ, ಬದಲಿಸಿ ಹಂಚಬಾರದು. ಗುರುತೇ ಇಲ್ಲದಿದ್ದರೆ ಒಪ್ಪಿಗೆ ಇಲ್ಲ ಎಂದೇ ತಿಳಿದು, ಬೇಕಾದರೆ ಬರೆದು ಕೇಳಬೇಕು.

ಹುಡುಕುತ್ತಾ ಹುಡುಕುತ್ತಾ ಬಿಸಿಲು ಏರಿತು. ಒಂದು ವಿಡಿಯೊ ಉದ್ದ ಹೆಚ್ಚಾಯಿತು, ಇನ್ನೊಂದಕ್ಕೆ ಎನ್‌ಡಿ ಇದ್ದದ್ದರಿಂದ ಕತ್ತರಿಸಿ ಹಂಚುವ ಹಾಗಿರಲಿಲ್ಲ, ಮತ್ತೊಂದು ಅರ್ಧ ಇಳಿಯುವಾಗ ರೇಂಜ್ ಹೋಯಿತು. ಜಸೀನಾ ಉಗುರು ಕಚ್ಚಿಕೊಂಡು ಮರದ ಸುತ್ತ ತಿರುಗಿದಳು. ಕಡೆಗೆ ದೂರದೇಶದ ಒಂದು ಪ್ರಯೋಗಾಲಯದವರು ಇಟ್ಟದ್ದು ಸಿಕ್ಕಿತು. ಮೊಟ್ಟೆಯ ಓಡಿನಲ್ಲಿ ಸಣ್ಣ ಕಿಟಕಿ ಕೊರೆದಿದ್ದರು. ಒಳಗೆ ಹಳದಿಯ ಮೇಲೆ ಒಂದು ಕೆಂಪು ಚುಕ್ಕಿ ಮಿಡಿಯುತ್ತಿತ್ತು. ಅದು ಇನ್ನೂ ರೂಪ ಬಾರದ ಮರಿಯ ಹೃದಯ. ಇಬ್ಬರೂ ಫೋನಿನ ಮೇಲೆ ಬಗ್ಗಿ ಅದನ್ನೇ ಮತ್ತೆ ಓಡಿಸಿ ನೋಡಿದರು. ವಿಡಿಯೊದ ಮಾತೆಲ್ಲ ಇಂಗ್ಲಿಷಿನಲ್ಲಿತ್ತು, ಆದರೆ ಬಿವೈ ಬಿಟ್ಟರೆ ಬೇರೆ ಕಟ್ಟು ಇರಲಿಲ್ಲ. ಹಾಗಾದರೆ ಕನ್ನಡದ ಮಾತು ಸೇರಿಸಬಹುದಾ ಎಂದು ಜಸೀನಾ ಕೇಳಿದಳು. ಸೇರಿಸಬಹುದು, ಸೇರಿಸಿದ್ದೇನೆ ಎಂದೂ ಬರೆಯಬೇಕು ಎಂದಳು ಸುರಕ್ಷಾ.

ಆ ಮಧ್ಯಾಹ್ನ ಜಸೀನಾ ಹಳೆಯ ವಿಡಿಯೊವನ್ನು ಅಳಿಸಿದಳು. ಗುಂಪಿನಲ್ಲಿ, ಅದು ತನ್ನದಲ್ಲ, ಹೆಸರು ಮುಚ್ಚಿದ್ದು ತಪ್ಪಾಯಿತು, ನೀವೂ ಅಳಿಸಿ ಎಂದು ಬರೆದಳು. ಬರೆಯುವಾಗ ಕಿವಿ ಬಿಸಿಯಾದವು. ಈ ಸಲ ಹೆಬ್ಬೆರಳು ಒಂದೂ ಬರಲಿಲ್ಲ. ಕಂಪೆನಿಗೂ ಒಂದು ಇಮೇಲ್ ಬರೆದು ಮಾಫ್ ಕೇಳಿದಳು. ಆಮೇಲೆ ಬಟ್ಟೆಯ ಕಪಾಟಿನ ಒಳಗೆ ತಲೆಯಿಟ್ಟು, ಹೊರಗಿನ ಸದ್ದು ಬಾರದ ಹಾಗೆ, ಹೊಸ ವಿಡಿಯೊಗೆ ಕನ್ನಡದ ಮಾತು ಹೇಳಿದಳು. ಎಲ್ಲ ಮುಗಿದ ಮೇಲೆ ತಾಯಿಗೆ ತೋರಿಸಿದಳು. ಮೊದಲಿಗೇ ದೊಡ್ಡ ಅಕ್ಷರದಲ್ಲಿ ಮಾಡಿದವರ ಹೆಸರಿತ್ತು.

"ಕಂಪೆನಿಯವರು ಎಂತ ಹೇಳಿದ್ರು?" ಎಂದು ಆಸಿಯಮ್ಮ ಕೇಳಿದರು.

ಉತ್ತರ ಬಂದಿಲ್ಲ, ಬರುತ್ತದೋ ಇಲ್ಲವೋ ಗೊತ್ತಿಲ್ಲ ಎಂದಳು ಜಸೀನಾ.

"ನಾವು ಬಾಗಿಲು ತಟ್ಟಿ ಆಯ್ತು. ತೆರೆಯುದು ಅವರಿಗೆ ಬಿಟ್ಟದ್ದು" ಎಂದು ಆಸಿಯಮ್ಮ ಮೂಲೆಯ ಚೀಲವನ್ನು ಎಳೆದುಕೊಂಡರು. ಕುಂಞಿ ಮೋನು ಸಮಯ ಸಾಧಿಸಿ ಉಪ್ಪಿನಕಾಯಿ ಡಬ್ಬಿಯನ್ನು ಒಳಗೆ ತಳ್ಳಿದರು.

ಸೋಮವಾರದ ಪಾಠದಲ್ಲಿ ಆ ಕೆಂಪು ಚುಕ್ಕಿ ಮಿಡಿಯತೊಡಗಿದಾಗ ಹಿಂದಿನ ಬೆಂಚಿನವರೂ ಎದ್ದು ನಿಂತರು. ಪ್ರಿನ್ಸಿಪಾಲರು ಗುಂಪಿನ ಸಂದೇಶದ ವಿಷಯ ಎತ್ತುತ್ತಾರೋ ಎಂದು ಜಸೀನಾಳಿಗೆ ಅಳುಕಿತ್ತು. ಅವರು ಎತ್ತಿದರು. ಹೀಗೆ ಒಪ್ಪಿಕೊಳ್ಳಲು ಧೈರ್ಯ ಬೇಕು, ಹುಡುಕುವುದು ಹೇಗೆಂದು ಉಳಿದವರಿಗೂ ಹೇಳಿಕೊಡಿ ಎಂದರು. ಸುಳ್ಯದಿಂದ ಬಂದಿದ್ದ ಉಪನ್ಯಾಸಕ ಸರ್ವೋತ್ತಮ, ಕನ್ನಡದಲ್ಲಿ ಉಂಟಲ್ಲ, ತನ್ನ ತರಗತಿಗೂ ಕೊಡಬಹುದಾ ಎಂದು ಕೇಳಿದರು. ಕೇಳುವುದೇ ಬೇಡ ಸಾರ್, ಹೆಸರು ಮಾತ್ರ ತೆಗೆಯಬೇಡಿ ಎಂದಳು ಜಸೀನಾ. ಹೇಳಿದ ಮೇಲೆ ಎಷ್ಟು ಹಗುರಾಯಿತೆಂದರೆ, ಅವಳಿಗೇ ಆಶ್ಚರ್ಯವಾಯಿತು.

ಹೊರಗೆ ಬರುವಾಗ ಒಬ್ಬ ವಿದ್ಯಾರ್ಥಿನಿ, ಮೊಟ್ಟೆ ಒಡೆಯದೆಯೂ ಒಳಗಿನದ್ದು ಕಾಣುತ್ತದಾ ಎಂದು ಕೇಳಿದಳು. ಜಸೀನಾಳಿಗೆ ಮನೆಯಲ್ಲಿ ಕಾವಿಗೆ ಕೂತ ಕೋಳಿಯ ನೆನಪಾಯಿತು. ಸಂಜೆ ಬಸ್ಸಿಳಿದವಳು ಓಡುತ್ತಲೇ ಬಂದಳು. ಆಸಿಯಮ್ಮನನ್ನು ಕೋಳಿ ಕೂತಿದ್ದ ಹಿತ್ತಿಲಿನ ಸೌದೆಯ ಕೊಟ್ಟಿಗೆಗೆ ಕರೆದುಕೊಂಡು ಹೋಗಿ, ಕತ್ತಲಾಗಲೆಂದು ಬಾಗಿಲು ಮುಚ್ಚಿದಳು. ಆಸಿಯಮ್ಮ ಕಾವಿನ ಮೊಟ್ಟೆ ಒಂದನ್ನು ತೆಗೆದು ಟಾರ್ಚಿನ ಮೇಲಿಟ್ಟರು. ಮೊಟ್ಟೆ ಕೆಂಪಗೆ ಬೆಳಗಿತು. ಒಳಗೆ ನೂಲಿನಂಥ ನರಗಳು ಹರಡಿದ್ದವು, ನಡುವೆ ಏನೋ ಮಿಸುಕಾಡಿತು. ಜಸೀನಾ ತಾಯಿಯ ಕೈ ಮತ್ತು ಮೊಟ್ಟೆ ಮಾತ್ರ ಬರುವ ಹಾಗೆ ಚಿತ್ರ ತೆಗೆದಳು. ಆಮೇಲೆ, ಹಂಚುವ ಮೊದಲು ಕೇಳಬೇಕಾದ್ದನ್ನು ಕೇಳಿದಳು.

"ಇದನ್ನು ಎಲ್ಲರಿಗೂ ಸಿಗುವ ಹಾಗೆ ಇಡ್ಬಹುದಾ ಉಮ್ಮ? ಎಲ್ಲೆಲ್ಲಿಯವರೋ ತೆಗೆದುಕೊಂಡುಹೋಗ್ತಾರೆ. ಕಲಿಸ್ಲಿಕ್ಕೆ, ಸಂಶೋಧನೆಗೆ."

ಆಸಿಯಮ್ಮ ಮೊಟ್ಟೆಯನ್ನು ಕೋಳಿಯ ಅಡಿಗೆ ಮೆಲ್ಲಗೆ ಸರಿಸಿದರು.

"ಅಷ್ಟು ಜನ ನನ್ನನ್ನು ಕೇಳ್ಲಿಕ್ಕೆ ಬೆಳ್ಳಾರೆಗೆ ಬರುದು ಹೇಗೆ, ಪಾಪ? ಕೇಳುದು ಬೇಡ, ಕೊಟ್ಟಾಗಿದೆ ಅಂತ ಈಗಲೇ ಬರೆ. ನಾನು ನಾಳೆ ಹೋಗುವವಳು."

ಜಸೀನಾ ಬರೆದಳು. ಹೆಸರು ಏನೆಂದು ಹಾಕಲಿ ಎಂದು ಕೇಳಿದಳು.

"ಆಸಿಯಾ, ಬೆಳ್ಳಾರೆ" ಎಂದರು ಆಸಿಯಮ್ಮ. ಬಾಗಿಲ ಹತ್ತಿರ ಹೋದವರು ತಿರುಗಿ ನಿಂತರು. "ಅದರ ಮೇಲೆ ಯಾರೂ ಕಪ್ಪು ಪಟ್ಟಿ ಅಂಟಿಸಬಾರ್ದು ಅಂತಲೂ ಬರೆ."

ಇದನ್ನು ಓದುತ್ತಿರುವ, ಕೇಳುತ್ತಿರುವ ಮೇಷ್ಟರೇ, ಟೀಚರೇ, ಓದುವ ಮಕ್ಕಳೇ, ನಿಮಗೊಂದು ಮಾತು. ಮುಂದಿನ ಪಾಠಕ್ಕೆ ವಿಡಿಯೊ ಬೇಕಾದಾಗ, ಮುಂಚೆಯೇ ಒಪ್ಪಿಗೆ ಕೊಟ್ಟದ್ದನ್ನು ಹುಡುಕಿ. ಒಪ್ಪಿಗೆಯ ಗುರುತನ್ನು ಓದಿ, ಮಾಡಿದವರ ಹೆಸರನ್ನು ಗಟ್ಟಿಯಾಗಿ ಹೇಳಿ. ನಿಮ್ಮ ಊರಿನ ಮಾತನ್ನು ಅದಕ್ಕೆ ಸೇರಿಸಿ. ನಿಮಗೆ ಗೊತ್ತಿರುವುದೊಂದನ್ನು ನೀವೂ ಚಿತ್ರ ತೆಗೆದು, ಚಿತ್ರದಲ್ಲಿ ಇರುವವರ ಒಪ್ಪಿಗೆ ಕೇಳಿ, ಎಲ್ಲರಿಗೂ ಸಿಗುವ ಹಾಗೆ ಇಡಿ. ನಿಮ್ಮ ಫೋನಿನಲ್ಲೂ ಯಾರದ್ದೋ ಹೆಸರಿನ ಮೇಲೆ ಒಂದು ಕಪ್ಪು ಪಟ್ಟಿ ಇದ್ದರೆ, ಇವತ್ತೇ ತೆಗೆಯಿರಿ. ಅದಕ್ಕೆ ಯಾತ್ರೆಗೆ ಹೊರಡುವ ತನಕ ಕಾಯಬೇಕಾಗಿಲ್ಲ.