ಟೇಪು ನುಂಗಿದ ಅಕ್ಷರ

ಕ — ಅಷ್ಟೇ, ಆಮೇಲೆ ಕಸಬರಿಗೆಯ ಸದ್ದು, ಕಾಂತಾ ಗುಂಡಿ ಒತ್ತಿದಳು, ರೀಲು ಕಿರ್ರೆಂದು ಹಿಂದಕ್ಕೆ ಓಡಿತು, ಪುಟ್ಟ ಕಿಟಕಿಯಲ್ಲಿ ಅಂಕಿ ನೂರಾ ಹನ್ನೆರಡಕ್ಕೆ ಬಂದು ನಿಂತಿತು, ಈಗ ಗಂಗೂಬಾಯಿ ಮಾತಾಡುತ್ತಾಳೆ, ಖಾನಾಪುರದ ಈ ಮನೆಗೆ ಕಸ ಮುಸುರೆಗೆ ಬರುವ ಗಂಗೂಬಾಯಿ, ಮನೆಮಾತು ಮರಾಠಿ, ಆದರೆ ಈ ಮನೆಯಲ್ಲಿ ಕನ್ನಡ — ರುವಾರ ಐತೆಲ್ರಿ ಕಾಕಾ ನಿಮ್ಮ ಬಾಯಿ ಸಾಲಿ, ಬೆಳಗಾವಿಗೆ ಹೊಂಟ್ರೆಲ್ಲಾ ಮತ್ತ — ಗುರುವಾರ ಎನ್ನುವುದರ ಗು ಹೋಗಿದೆ, ಹೋಗಲಿ, ಅದನ್ನು ಊಹಿಸಬಹುದು, ಆಮೇಲೆ ಟಕ್, ಆಮೇಲೆ ಅಣ್ಣ, ಲಕ್ವಾ ಹೊಡೆದು ಬಾಯಿ ಕಟ್ಟಿದ ಒಂಬತ್ತು ವಾರದ ಮೇಲೆ ದುಂಡಪ್ಪಣ್ಣನ ದನಿ, ಎಣ್ಣೆ ಕಾಣದ ಕದ ಸರಿದ ಹಾಗೆ — ಕ. ಅದಕ್ಕೂ ಮೊದಲು ಒಂದು ಅಕ್ಷರ ಇತ್ತು, ಟೇಪು ನುಂಗಿದೆ, ಬೇಕ ಇದ್ದೀತು, ಸಾಕ ಇದ್ದೀತು, ಪುಸ್ತಕದಲ್ಲಿ ಬೇಕು, ಸಾಕು, ಈ ಸೀಮೆಯ ಬಾಯಲ್ಲಿ ಬೇಕ, ಸಾಕ, ತಲೆ ಬೇರೆ ಬೇರೆ, ಬಾಲ ಒಂದೇ, ಆ ಬಾಲವನ್ನು ಹಿಡಿದುಕೊಂಡು ಎಪ್ಪತ್ತೊಂದರ ಮುದುಕಿಯೊಬ್ಬಳು ಅಣ್ಣನ ಮನೆಯ ಅಡುಗೆಕಟ್ಟೆಗೆ ಮೊಣಕೈ ಊರಿ ನಿಂತಿದ್ದಾಳೆ, ನಗು ಬರುತ್ತದೆ, ನಗುವ ಹೊತ್ತಲ್ಲ, ಗಡಿಯಾರದಲ್ಲಿ ಹನ್ನೊಂದೂ ಐದು. ಹನ್ನೆರಡರೊಳಗೆ ಮುಕ್ತಾಗೆ ಫೋನು ಮಾಡಬೇಕು, ಗಂಗೂಬಾಯಿಯ ಬಾಯಿ ಸಾಲಿಯಲ್ಲಿ ಮಾತು ಕಲಿಸುವ ಆ ಹುಡುಗಿ ಬೆಳಗಾವಿಯಲ್ಲಿ ಕಾಯುತ್ತಿರುತ್ತಾಳೆ, ಕಾಂತಾ ಮೇಡಂ, ಮುಂದಿನ ವಾರ ಬರ್ತೀರೋ ಇಲ್ಲೋ ಬುಧವಾರ ಮಧ್ಯಾಹ್ನದೊಳಗ ಹೇಳ್ರಿ, ಬರೂದಿಲ್ಲಾಂದ್ರ ಗುರುವಾರದ ಸರದಿ ಮತ್ತೊಬ್ಬರಿಗೆ ಹೋಗತೈತಿ, ಭಾಳ ಮಂದಿ ಕಾಯಾಕತ್ತಾರ. ಎಷ್ಟು ಮೆತ್ತಗೆ ಹೇಳಿದಳು, ಹೇಳುವಾಗ ಅಣ್ಣನ ಶರ್ಟಿನ ಮೇಲಿನ ಗುಂಡಿ ಹಾಕುತ್ತಿದ್ದಳು, ತಾನು ಹಾಕುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ.

ಸಾಕ ಅಂತನ ಅಂದಾನ ಅತ್ತಿ, ಎಂದ ಓಂಕಾರ ಬೆಳಿಗ್ಗೆ, ಅಣ್ಣನ ಮಗ, ನಂದಗಡದ ಹೈಸ್ಕೂಲಿನಲ್ಲಿ ಗಣಿತ ಹೇಳುವವನು, ಬೂಟಿನ ಲೇಸು ಕಟ್ಟುತ್ತಾ, ಮುಖ ಎತ್ತದೆ, ಹೋದ ವಾರ ಆ ಹುಡುಗಿ ಮುಂದ ಅಪ್ಪ ಹಲ್ಲು ಕಚ್ಚಿ ಕುಂತಿದ್ದಾ, ಕಣ್ಣಾಗ ನೀರ ಬಂದಿತ್ತ, ನೀನೂ ನೋಡಿಯಲ್ಲಾ, ಯಾಕ ಹಿಂಸಿ ಕೊಡೂದು, ಬಿಟ್ಟಬಿಡೂಣು. ಬೇಕ ಅಂದಿದ್ರ ಏನ ಮಾಡತೀಯೋ, ಎಂದಳು ಕಾಂತಾ. ಅಂದಿದ್ರ, ಅಂದಿದ್ರ — ಇದ್ದರೆ ಹೋದರೆ ಮ್ಯಾಲೆ ಲೆಕ್ಕ ನಡೆಯೂದಿಲ್ಲ ಅತ್ತಿ. ಕೆಟ್ಟವನಲ್ಲ, ರವಿವಾರಕ್ಕೊಮ್ಮೆ ಅಪ್ಪನ ಉಗುರು ತೆಗೆಯುತ್ತಾನೆ, ಹತ್ತೂ ಬೆರಳು, ಒಂದೊಂದನ್ನೂ ಊದಿ ನೋಡುತ್ತಾನೆ, ಅದಕ್ಕೇ ಅವನ ಮಾತು ಎದೆಯಲ್ಲಿ ಕೂತಿದೆ, ಬೆಳಗಾವಿಗೆ ಎಳೆದುಕೊಂಡು ಹೋಗುತ್ತಿರುವವಳು ತಾನೇ ಅಲ್ಲವೇ, ಅಲ್ಲಿಯ ಸದಾಶಿವನಗರದ ತನ್ನ ಮನೆಯಿಂದ ದಿನ ಬಿಟ್ಟು ದಿನ ಬಸ್ಸು ಹತ್ತಿ ಬಂದು, ಅಣ್ಣಾ ಮಾತಾಡೂ ಅಣ್ಣಾ, ಹೂಂ ಅನ್ನು, ಎಂದು ಬೆನ್ನು ಬಿದ್ದವಳು ತಾನೇ, ಅವನ ಮೌನ ಯಾರಿಗೆ ಕಷ್ಟ, ಅವನಿಗೋ ತನಗೋ. ಒಂದು ವೇಳೆ ಸಾಕ ಎಂದೇ ಅಂದಿದ್ದರೆ, ಅದೂ ಮಾತೇ ತಾನೆ, ಒಂಬತ್ತು ವಾರದಲ್ಲಿ ಅವನಾಡಿದ ಒಂದೇ ಮಾತು, ಅದನ್ನು ಕೇಳದೆ ಮತ್ತೆ ಎಳೆದೊಯ್ದರೆ ಆ ಮಾತಿಗೆ ಏನು ಬೆಲೆ, ಬೇಕ ಎಂದಿದ್ದರೆ, ಮನೆಯಲ್ಲಿ ಕೂಡಿಸಿಬಿಟ್ಟರೆ, ಆಗಲೂ ಅದೇ.

ತಪ್ಪು ಯಂತ್ರದ್ದಲ್ಲ. ಅಂಗೈಯಷ್ಟು ಟೇಪು, ಬಾಜುವಿನಲ್ಲಿ ಒಂದು ಸಣ್ಣ ಕೀಲಿ, ಅದನ್ನು ಸರಿಸಿಟ್ಟರೆ ಸುಮ್ಮನಿದ್ದಾಗ ಸುಮ್ಮನಿರುತ್ತದೆ, ದನಿ ಬಿದ್ದರೆ ಎದ್ದು ಓಡುತ್ತದೆ, ಕೆಂಪು ದೀಪ ಹತ್ತುತ್ತದೆ, ದನಿ ನಿಂತರೆ ನಿಲ್ಲುತ್ತದೆ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದಾಗ ಕೊಂಡದ್ದು, ಖಾನಾಪುರದ ಕಾಡಿನಂಚಿನ ಊರುಗಳಲ್ಲಿ ಹೆಂಗಸರಿಂದ ಎಲೆಯ ಹೆಸರು ಬೇರಿನ ಹೆಸರು ಕೇಳಲು, ಅವರು ಒಂದು ಹೆಸರು ಹೇಳಿ ಐದು ನಿಮಿಷ ಯೋಚಿಸುತ್ತಿದ್ದರು, ಮನೆಗೆ ಬಂದು ಕೇಳಿದರೆ, ಟೇಪು ಏಳುವಷ್ಟರಲ್ಲಿ ಮೊದಲಕ್ಷರ ಹೋಗಿ, ಎಲ್ಲಾ ಹೆಸರೂ ರುಂಡವಿಲ್ಲದವು, ಮುರಗಲ ಅಲ್ಲ ರಗಲ, ನೇರಳ ಅಲ್ಲ ರಳ, ಆಮೇಲೆ ಅಕ್ಕವ್ವ ಎಂಬ ಮುದುಕಿ ಉಪಾಯ ಮಾಡಿದಳು, ಮದ್ಲ ಹಾಂ ಅಂತೀನಿ ತಂಗಿ, ಅದು ಎದ್ದು ಕುಂದರಲಿ, ಆಮ್ಯಾಲೆ ಹೆಸರ ಹೇಳತೀನಿ — ಹಾಂ, ಮುರಗಲ, ಹಾಂ, ನೇರಳ, ಇಡೀ ಟೇಪು ಹಾಂ ಹಾಂ ಎಂದು ಕಾಡೇ ಒಪ್ಪಿಕೊಂಡ ಹಾಗೆ. ಅಣ್ಣನಿಗೆ ಮೊದಲು ಹಾಂ ಅನ್ನು ಎಂದು ಹೇಳುವುದು ಹೇಗೆ, ಹಾಂ ಬಂದಿದ್ದರೆ ಇದೆಲ್ಲ ಯಾಕೆ. ಫೋನಿನಾಗ ರೆಕಾರ್ಡ್ ಮಾಡಬಾರದೇನತ್ತಿ, ಎಂದಿದ್ದ ಓಂಕಾರ, ಮಾಡಬಹುದು, ಆದರೆ ಇಡೀ ಹಗಲಿನ ಮೌನವನ್ನು ಕೂತು ಕೇಳುವವರು ಯಾರು, ಇದಾದರೆ ಮೌನವನ್ನು ತಾನೇ ತೆಗೆದು ಹಾಕುತ್ತದೆ, ಎದುರಿಗೆ ಯಾರೂ ಇಲ್ಲದಾಗ ಗುನುಗುತ್ತಾರೇನೋ ನೋಡ್ರಿ ಎಂದು ಮುಕ್ತಾ ಹೇಳಿದ್ದಳಲ್ಲ, ಅವತ್ತೇ ಕಪಾಟಿನಿಂದ ತೆಗೆದದ್ದು, ತೆಗೆದರೆ ಒಳಗಿನ ಬೆಲ್ಟು ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿತ್ತು. ಬೆಳಗಾವಿಯ ರವಿವಾರ ಪೇಟೆಯ ಸಂದಿಯಲ್ಲಿ, ಬೆಲ್ಲದ ಅಂಗಡಿಯ ಮೇಲೆ, ಟೇಪು ರಿಪೇರಿಯ ಬಸಯ್ಯನ ಕೋಣೆ, ಕಡಿದಾದ ಮೆಟ್ಟಿಲು, ಅವನು ಇಳಿದು ಬಂದು ಚೀಲ ಹಿಡಿದುಕೊಂಡ, ನಾಲ್ಕು ಸತ್ತ ಟೇಪು ಬಿಚ್ಚಿ ಒಂದು ಬೆಲ್ಟು ಹೊಂದಿಸಿದ, ಯಾರ ಸಲುವಾಗಿರಿ ಅಕ್ಕಾರ, ಅಣ್ಣನ ಸಲುವಾಗಿ, ಖಾನಾಪುರ ಬಸ್ ಸ್ಟ್ಯಾಂಡಿನಾಗ ಕಂಟ್ರೋಲರ್ ಇದ್ದಾ, ಮೈಕಿನಾಗ ಬಸ್ಸಿನ ಹೆಸರ ಕೂಗತಿದ್ದಾ. ಬಸಯ್ಯನ ಸ್ಕ್ರೂಡ್ರೈವರ್ ನಿಂತಿತು, ಆ ದನಿ ನಂಗ ಗೊತ್ತೈತ್ರಿ, ನನ್ನ ಹೆಂಡತಿ ತವರಮನಿ ನಂದಗಡ, ಚಾ ಕುಡಿಯೂದು ಬಿಟ್ಟು ಆ ದನಿಗೆ ಓಡೋಡಿ ಬಸ್ ಹಿಡದೇನ್ರಿ, ಕನ್ನಡದಾಗ ಒಮ್ಮೆ, ಮರಾಠಿಯೊಳಗ ಒಮ್ಮೆ. ಆಮೇಲೆ ಇನ್ನೆರಡು ಬೆಲ್ಟು ಕಾಗದದಲ್ಲಿ ಸುತ್ತಿ ಚೀಲದಲ್ಲಿಟ್ಟ, ಹತ್ತಿಯಲ್ಲಿ ಸ್ಪಿರಿಟು ಅದ್ದಿ ಹೆಡ್ಡು ಒರೆಸ್ರಿ, ರಬ್ಬರ್ ಗಾಲಿಗೆ ಮಾತ್ರ ಸ್ಪಿರಿಟು ಬ್ಯಾಡ, ಒಡೀತೈತಿ, ಒದ್ದಿ ಅರಿಬಿ ಹಚ್ರಿ, ಕೆಲಸ ಇಲ್ಲದಾಗ ಸೆಲ್ಲು ತಗದಿಡ್ರಿ. ಹಾಗೇ ಮಾಡುತ್ತ ಬಂದಿದ್ದಾಳೆ, ಹತ್ತಿಗೆ ಕಂದು ಬಣ್ಣ ಹತ್ತುವವರೆಗೆ, ಹತ್ತದೇ ಇರುವವರೆಗೆ, ಕೂಸಿನ ಕಿವಿ ಒರೆಸಿದ ಹಾಗೆ.

ಅವತ್ತಿನಿಂದ ಟೇಪು ಏನೇನೆಲ್ಲ ಹಿಡಿದಿದೆ, ಕುಕ್ಕರಿನ ಸೀಟಿ, ಕಾಗೆ, ಎದುರುಮನೆಯ ಸ್ಕೂಟರು, ಅಣ್ಣನ ಕೆಮ್ಮು, ಮತ್ತೆ ಕುಕ್ಕರು, ಮೊದಲ ದಿನವಂತೂ ಬರೀ ಫ್ಯಾನು, ಫ್ಯಾನಿನ ಗೊಂಯ್‌ ಸದ್ದಿಗೆ ಟೇಪು ಎಚ್ಚರಾಗಿ ಮಲಗಲೇ ಇಲ್ಲ, ಅಷ್ಟೂ ಮುಗಿದುಹೋಯಿತು, ಅದನ್ನು ಕಾಂತಾ ಯಾರಿಗೂ ಹೇಳಲಿಲ್ಲ, ಬಿಸಿಲಿನ ದಿನ, ಫ್ಯಾನು ಆರಿಸಿ ಎನ್ನಲು ಬಾಯಿ ಬರಲಿಲ್ಲ, ಮರುದಿನ ಬಂದು ನೋಡಿದರೆ ಸೊಸೆ ಪೂರ್ಣಿಮಾ ಫ್ಯಾನು ಆರಿಸಿ ಬೀಸಣಿಗೆ ಹಿಡಿದು ಮಾವನ ಬಾಜು ಕೂತಿದ್ದಳು, ಸದ್ದಿಲ್ಲದ ಬೀಸಣಿಗೆ, ಬಟ್ಟೆಯ ಅಂಚಿನದು, ಕೇಳಿದರೆ, ಮಾವಾರಿಗೆ ಫ್ಯಾನಿನ ಗಾಳಿ ಆಗಿಬರೂದಿಲ್ರಿ ಅತ್ತಿ, ಅಂದಳು, ಹಸಿ ಸುಳ್ಳು, ಅವಳ ಬೆನ್ನು ಬೆವರಿನಿಂದ ತೊಯ್ದಿತ್ತು. ಮನಸ್ಸು ಸಪ್ಪಗಾದ ದಿನಗಳಲ್ಲಿ ಕಾಂತಾ ಆ ಬೀಸಣಿಗೆಯನ್ನು ನೆನೆಯುತ್ತಾಳೆ, ಆದರೆ ಈಗ ಬೀಸಣಿಗೆ ಉತ್ತರ ಹೇಳುವುದಿಲ್ಲ, ಮತ್ತೆ ನೂರಾ ಹನ್ನೆರಡು, ಮತ್ತೆ ರುವಾರ ಐತೆಲ್ರಿ ಕಾಕಾ, ಟಕ್, ಕ, ಈ ಟಕ್ಕಿನಲ್ಲಿ ಎಷ್ಟು ಹೊತ್ತು ಹೋಗಿದೆಯೋ, ಕೇಳಿದ ತಕ್ಷಣ ಅಂದನೋ, ತಾಸುಗಟ್ಟಲೆ ಹುಡುಕಿ ಅಂದನೋ, ಟೇಪು ಅದನ್ನೂ ತೆಗೆದು ಹಾಕಿದೆ.

ಹಿತ್ತಿಲ ಬಾಗಿಲು ಕಿರುಗುಟ್ಟಿತು, ಗಂಗೂಬಾಯಿಯೇ, ಬಂದವಳೇ ಕೂದಲು ಬಿಚ್ಚಿ ಮತ್ತೆ ತುರುಬು ಕಟ್ಟುತ್ತಾಳೆ, ಪಿನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಅದಿಲ್ಲದೆ ಕಸಬರಿಗೆ ಮುಟ್ಟುವುದಿಲ್ಲ. ಗಂಗೂ, ನಿನ್ನಿ ಅಣ್ಣಗ ಬಾಯಿ ಸಾಲಿ ಮಾತ ಹೇಳಿದೆಲ್ಲಾ, ಅಂವ ಏನರ ಅಂದದ್ದು ಕೇಳಿದೆನು. ಕಾಕಾ ಅಂದ್ರಾ, ಎಂದಳು ಹಲ್ಲಿನ ಸಂದಿಯಿಂದಲೇ, ಕಣ್ಣು ಅಗಲವಾಗಿ, ಖರೇನ್ರಿ, ದೇವಾ ದೇವಾ, ನಾ ಆಗ ಹಿತ್ತಲದಾಗ ಇದ್ದೆ, ನಲ್ಲಿ ಹರೀತಿತ್ತ, ಎಂಥಾ ಕಿವುಡಿ ನಾ. ಅವಳ ಕಣ್ಣಲ್ಲಿ ನೀರು ಬಂತು, ಕಾಂತಾ ಚಹಾದ ಪಾತ್ರೆ ಎತ್ತಿದಳು, ಇರಲಿ ಬಿಡ, ಅತ್ತರೇನ ಆಗತೈತಿ, ಚಾ ಹಾಕಲೇನು. ಸಾಕ್ರಿ ಸಾಕ್ರಿ, ಎಂದಳು ಗಂಗೂಬಾಯಿ ಕಪ್ಪನ್ನು ಪಾತ್ರೆಯ ಕೆಳಗೇ ಹಿಡಿದುಕೊಂಡು, ಸಾಕ ಅಂದ್ರೂ ಬೇಕ ಅಂತನ ಅರ್ಥ ನಿಂದು, ಎಂದು ಕಾಂತಾ ನಕ್ಕು ಸುರಿದಳು, ಸುರಿಯುತ್ತಿರುವಾಗಲೇ ಕೈ ನಿಂತಿತು. ಪಿನ್ನು ಇನ್ನೂ ಹಲ್ಲಿನಲ್ಲಿತ್ತು. ಸಾಕ್ರಿ ಎಂಬುದು ಪಿನ್ನಿನ ಬಾಜುವಿನಿಂದ ಸಲೀಸಾಗಿ ಬಂದಿತ್ತು. ಗಂಗೂ, ಬೇಕ ಅನ್ನು. ಯಾಕ್ರಿ. ಅನ್ನು ಅಂತೀನಿ. ಗಂಗೂಬಾಯಿ ಅನ್ನಲು ಹೋದಳು, ಗೇಕ ಎಂದಾಯಿತು, ಮತ್ತೊಮ್ಮೆ, ಮತ್ತೂ ಗೇಕ, ಪಿನ್ನು ತೆಗೆದು ಅಂದಳು, ಬೇಕ. ಏನ ಬೇಕ್ರಿ ಬಾಯಾರ, ಸಕ್ಕರಿ ಬೇಕೇನು.

ಸಕ್ಕರಿ ಬ್ಯಾಡ ಗಂಗೂ, ಏನೂ ಬ್ಯಾಡ, ಬ್ಯಾಡ ಎನ್ನುವಾಗಲೂ ತುಟಿ ಕೂಡಿತು, ಕಾಂತಾ ಸ್ಟೀಲಿನ ತಟ್ಟೆ ಎತ್ತಿ ಮುಖದ ಮುಂದೆ ಹಿಡಿದಳು, ಸಾಕ, ತಟ್ಟೆಯೊಳಗಿನ ಮುದುಕಿಯ ಬಾಯಿ ತೆರೆದೇ ಇತ್ತು, ಕಟ್ಟಿಸಿದ ಹಲ್ಲು ಕಂಡಿತು, ಬೇಕ, ತುಟಿ ಎರಡೂ ಬಂದು ಮುಟ್ಟಿ ಬಿಟ್ಟವು, ಮೂವತ್ತು ವರ್ಷ ಹುಡುಗಿಯರಿಗೆ ಎಲೆ ನೋಡಿ ಗಿಡ ಹೇಳಲು ಕಲಿಸಿದವಳು, ಕಣ್ಣಿಗೆ ಬಿದ್ದದ್ದನ್ನು ನಂಬ್ರಿ ಎಂದವಳು, ಮುಂಜಾನೆಯಿಂದ ಕಿವಿಯನ್ನೇ ಹಿಂಡುತ್ತಿದ್ದಾಳೆ, ಕೇಳಿ ಕೇಳಿ ಸವೆಸುತ್ತಿದ್ದಾಳೆ, ಅಣ್ಣನ ಎದುರಿಗೆ ಕೂತು ಅವನ ಬಾಯಿ ನೋಡಲಿಲ್ಲ, ನೋಡಲು ಹೆದರಿಕೆ, ಸೊಟ್ಟಗಾದ ಆ ಬಾಯಿಯನ್ನು ನೋಡಿದರೆ ಅವನಿಗೆ ನೋವಾದೀತೆಂದು ಎಲ್ಲರೂ ಅವನ ಹೆಗಲು ನೋಡಿ ಮಾತಾಡುತ್ತಾರೆ, ತಾನೂ. ಹನ್ನೊಂದೂ ಮುಕ್ಕಾಲು. ಟೇಪನ್ನು ಆರಿಸಿ ಕಟ್ಟೆಯ ಮೇಲೇ ಬಿಟ್ಟಳು, ಸೆರಗಿನಿಂದ ಕನ್ನಡಕ ಒರೆಸಿಕೊಂಡಳು, ಗಂಗೂಬಾಯಿ ಏನೂ ಕೇಳದೆ ಸಣ್ಣ ಮಣೆಯನ್ನು ಎತ್ತಿಕೊಂಡು ಮುಂದೆ ನಡೆದಳು, ಅಣ್ಣನ ಕುರ್ಚಿಯ ಎದುರಿಗೆ ಇಟ್ಟು, ಕಿಟಕಿಯ ಪರದೆ ಸರಿಸಿ ಬೆಳಕು ಬಿಟ್ಟು, ಹೊರಗೆ ಹೋದಳು.

ಅಣ್ಣಾ. ನೋಡಿದ. ನೀ ಬೇಕ ಅಂದ್ರೂ ಸಾಕ ಅಂದ್ರೂ ನಡೀತೈತಿ, ನಾ ಸಿಟ್ಟಾಗೂದಿಲ್ಲ, ಖರೇನ ಹೇಳತೀನಿ — ಅದು ನಿಜವಾಗಿತ್ತು, ಸಾಕ ಎಂದರೆ ಮುಕ್ತಾಗೆ ಫೋನು ಮಾಡಿ, ನಾಳೆಯಿಂದ ಸುಮ್ಮನೆ ಬಂದು ಪಕ್ಕದಲ್ಲಿ ಕೂತು ಹೋಗುತ್ತಾಳೆ, ಕೇಳುವುದೇ ಇಲ್ಲ — ನಾಳಿ ಬಾಯಿ ಸಾಲಿಗೆ ಹೋಗೂಣೇನು ಅಣ್ಣಾ. ಹೊರಗೆ ದೂರದಲ್ಲಿ ಬಸ್ಸಿನ ಹಾರ್ನು, ಹೋಯಿತು. ಟೇಪಾಗಿದ್ದರೆ ಇಷ್ಟೊತ್ತಿಗೆ ಮಲಗಿರುತ್ತಿತ್ತು, ಕಾಂತಾ ಮಲಗಲಿಲ್ಲ, ಅವನ ಹೆಗಲು ನೋಡಲಿಲ್ಲ, ಬಾಯಿ ನೋಡಿದಳು, ಒಣಗಿದ ಕೆಳತುಟಿ, ಅಂಚಿನಲ್ಲಿ ಬೆಳಗಿನ ಗಂಜಿಯ ಬಿಳಿ ಗೆರೆ, ಅದು ಅಲುಗಿತು, ಎಡಭಾಗ ಮೇಲೆ ಬಂತು, ಬಲಭಾಗ ಬರಲಿಲ್ಲ, ಸಂದಿಯಿಂದ ಗಾಳಿ ಸೋರಿಹೋಯಿತು, ಫೂ, ಅಣ್ಣ ಕಣ್ಣು ಮುಚ್ಚಿದ, ಹಲ್ಲು ಕಚ್ಚಿದ, ಓಂಕಾರ ಹೇಳಿದ್ದ ಆ ಹಲ್ಲು ಕಚ್ಚುವುದು ಇದೇ, ಕಣ್ಣಲ್ಲಿ ನೀರು ಇದೇ, ಹಿಂಸೆಯಲ್ಲವೋ ಓಂಕಾರ, ಗುಂಡುಕಲ್ಲು ಎತ್ತುವವನ ಮುಖ ಹೀಗೇ ಇರುತ್ತದೆ, ಹೇಳಿಕೊಡಬಾರದು, ಬೇ ಎಂದು ತಾನು ಅನ್ನಬಾರದು, ತನ್ನ ತುಟಿ ತಾನು ಕಚ್ಚಿ ಹಿಡಿದಳು, ಮತ್ತೆ ಕೆಳತುಟಿ ಅಲುಗಿತು, ಎಡಗೈ ಎತ್ತಿದ ಅಣ್ಣ, ಹೆಬ್ಬೆರಳಿನಿಂದ ತನ್ನ ಬಲಗಡೆಯ ತುಟಿಯನ್ನು ತಾನೇ ಮೇಲಕ್ಕೆ ಒತ್ತಿದ, ಎಡದಿಂದ ಬಲಕ್ಕೆ, ಹೊಲಿಗೆ ಹಾಕಿದ ಹಾಗೆ, ಇಷ್ಟಿಷ್ಟೇ, ತುಟಿ ಕೂಡುತ್ತ ಬಂದವು, ತುಟಿ ಕೂಡಿವೆ, ಹಿಂದೆ ಗಾಳಿ ತುಂಬಿ ಕೆನ್ನೆ ಉಬ್ಬಿದೆ, ದನಿ ಇನ್ನೂ ಬಂದಿಲ್ಲ, ಬರಲಿ, ಆತುರವಿಲ್ಲ, ಹೆಬ್ಬೆರಳು, ಅದರ ಮೇಲೆ ಎರಡು ತುಟಿ, ಒಂದರ ಮೇಲೊಂದು, ಕೂಡಿದ ಎರಡು ತುಟಿ —