ಸೋಮವಾರದ ನೀಲಿ ನೀರು

ಕೊಳಾಯಿ ಮತ್ತೆ ಕೆಮ್ಮಿತು. ಗೊರಗೊರ ಎಂದು ಒಂದಿಷ್ಟು ಗಾಳಿ ಉಗುಳಿ, ಕೊನೆಗೆ ಬೆರಳು ದಪ್ಪದ ನೀರು ಬಿಟ್ಟಿತು. ಎಡ್ನಾ ಬ್ಲಾಂಚರ್ಡ್ ಓಡಿಹೋಗಿ ಬಕೆಟ್ ಹಿಡಿದಳು.

ಇಂಗ್ಲೆಂಡಿನ ಹಲ್ ಬಂದರಿನಲ್ಲಿ ಅದು 1941ರ ಮೇ ತಿಂಗಳು. ಹಿಂದಿನ ವಾರ ಎರಡು ರಾತ್ರಿ ಬಾಂಬು ಸುರಿದಿತ್ತು. ಮಗಳು ಮೇವಿಸ್‌ಳ ಮನೆಯ ಸೂರೇ ಹಾರಿಹೋಗಿ, ಅವಳು ಐದು ತಿಂಗಳ ಕೂಸು ಕಾಲಿನ್‌ನನ್ನು ಎತ್ತಿಕೊಂಡು ತಾಯಿಯ ಮನೆ ಸೇರಿದ್ದಳು. ಈ ಮನೆಯೂ ಗಟ್ಟಿಯೇನಿರಲಿಲ್ಲ. ಕಿಟಕಿಗೆ ರಟ್ಟು, ಸೂರಿಗೆ ಟಾರ್ಪಾಲು. ಹಿತ್ತಿಲ ಮೋರಿ ಬಿರುಕು ಬಿಟ್ಟಿತ್ತು. ಅದನ್ನು ಎಡ್ನಾ ಹೊರಗಿನವರು ಯಾರಿಗೂ ಹೇಳದೆ, ಮೇಲೊಂದು ಹಳೇ ಚಾಪೆ ಎಳೆದಿದ್ದಳು. ಪಕ್ಕದ ಬೀದಿಯ ಒಂದು ಮನೆಯ ಬಾಗಿಲಿಗೆ ನಗರಸಭೆಯವರು ‘ವಾಸಕ್ಕೆ ಯೋಗ್ಯವಲ್ಲ’ ಎಂದು ಚೀಟಿ ಅಂಟಿಸಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಆ ಮನೆಯವರು ಈಗ ಶಾಲೆಯ ನೆಲದ ಮೇಲೆ ಮಲಗುತ್ತಿದ್ದರು.

ಅಂದು ಸೋಮವಾರ. ಸೋಮವಾರವೆಂದರೆ ಬಟ್ಟೆ ಒಗೆಯುವ ದಿನ. ಬಾಂಬು ಬೀಳಲಿ, ಬಿಡಲಿ. ಗ್ಯಾಸು ಬಂದಿರಲಿಲ್ಲ. ಇದ್ದ ಅರ್ಧ ಬುಟ್ಟಿ ಕಲ್ಲಿದ್ದಲನ್ನೆಲ್ಲ ಎಡ್ನಾ ಬಟ್ಟೆಯ ಹಂಡೆಯ ಕೆಳಗೆ ಸುರಿದಳು.

ಬಾಗಿಲಲ್ಲಿ ಆರೋಗ್ಯ ಇಲಾಖೆಯ ನರ್ಸ್ ಸ್ಟಾದರ್ಸ್ ನಿಂತಿದ್ದಳು. “ನೀರು ಕುದಿಸ್ತಿದ್ದೀರಾ, ಮಿಸೆಸ್ ಬ್ಲಾಂಚರ್ಡ್?”

“ಕುದೀತಿದೆಯಲ್ಲ, ನೋಡಿ.” ಎಡ್ನಾ ಹಂಡೆ ತೋರಿಸಿದಳು.

“ಅದು ಬಟ್ಟೆ ಒಗೆಯೋಕೆ. ಕೂಸಿನ ಹಾಲಿನ ಪುಡಿಗೆ?”

“ಕನ್ನಡಿ ಥರ ಬರ್ತಿದೆ ನೀರು, ನರ್ಸಮ್ಮ. ನನ್ನ ಮನೇಲಿ ಕೊಳೆ ಹುಡುಕೋಕೆ ಬಂದ್ರಾ? ಹೊಸಿಲು ನೋಡಿ ಸ್ವಲ್ಪ. ಬೆಳಗ್ಗೆ ಮಂಡಿಯೂರಿ ಉಜ್ಜಿದ್ದೀನಿ. ಮೇಲಿಂದ ಆ ಹಿಟ್ಲರ್‌ನ ವಿಮಾನದವರಿಗೂ ಕಾಣ್ಬೇಕು, ಅಷ್ಟು ಬೆಳ್ಳಗಿದೆ!”

ನರ್ಸ್ ನಕ್ಕಳು. “ಹೊಸಿಲಿನ ಮೇಲೆ ನಂಗೆ ಅನುಮಾನ ಇಲ್ಲ. ನೆಲದ ಒಳಗಿನದ್ದೇ ಭಯ. ಬಾಂಬು ಬಿದ್ದ ಅದುರಿಗೆ ನೀರಿನ ಪೈಪೂ ಒಡೆದಿರುತ್ತೆ, ಚರಂಡಿ ಪೈಪೂ ಒಡೆದಿರುತ್ತೆ. ಕೊಳಾಯಿ ನಿಂತಾಗ ಪೈಪು ಬರಿದಾಗಿ ಸುತ್ತಲಿನ ಹೊಲಸನ್ನ ಒಳಗೆ ಎಳ್ಕೊಳ್ಳುತ್ತೆ. ಟೈಫಾಯ್ಡ್ ಬರೋಕೆ ಅಷ್ಟು ಸಾಕು. ನಿಮ್ಮ ಹಿತ್ತಿಲಲ್ಲಿ ಏನಾದ್ರೂ ಒಡೆದಿದೆಯಾ?”

ಮೇವಿಸ್ ಬಾಯಿ ತೆರೆದಳು. ಎಡ್ನಾ ಅವಳನ್ನು ದುರುಗುಟ್ಟಿ ನೋಡಿದಳು. ಮೇವಿಸ್ ಬಾಯಿ ಮುಚ್ಚಿದಳು.

“ಏನೂ ಇಲ್ಲ,” ಎಂದಳು ಎಡ್ನಾ.

“ಸರಿ. ಎದುರು ಸಾಲಿನ ಮನೆಗಳಲ್ಲೇ ಇರ್ತೀನಿ. ಬೇಕಾದ್ರೆ ಕರೀರಿ.”

ನರ್ಸ್ ಹೋದ ಮೇಲೆ ಎಡ್ನಾಳ ಕೈ ಸುಮ್ಮನಿರಲಿಲ್ಲ. ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡಿದಳು. ಮಧ್ಯಾಹ್ನದ ಹೊತ್ತಿಗೆ ಬಿಳಿ ಬಟ್ಟೆಗಳನ್ನೆಲ್ಲ ನೀಲಿಯಲ್ಲಿ ಅದ್ದಿ ತೆಗೆದು, ತೊಟ್ಟಿಯ ನೀಲಿ ನೀರನ್ನು ಮೋರಿಗೆ ಚೆಲ್ಲಿದಳು. ಆಗ ಕೊಳಾಯಿ ನಿಂತಿತ್ತು. ಅರ್ಧ ಗಂಟೆ ಕಳೆದು ಅದು ಮತ್ತೆ ಕೆಮ್ಮಿತು. ಮೇವಿಸ್ ಹಾಲಿನ ಪುಡಿ ಕಲಸಲು ಗಾಜಿನ ಬಾಟಲಿ ಹಿಡಿದಳು.

“ಅಮ್ಮಾ, ಇದೇನೇ ಬಣ್ಣ?”

ಎಡ್ನಾ ಬಾಟಲಿಯನ್ನು ಕಸಿದು ಬಾಗಿಲ ಬೆಳಕಿಗೆ ಹಿಡಿದಳು. ತೆಳು ನೀಲಿ. ಹಗ್ಗದ ಮೇಲಿನ ಅಂಗಿಗಳಿಗೆ ಅವಳೇ ಹಾಕಿದ ನೀಲಿ. ಮೋರಿಗೆ ಚೆಲ್ಲಿದ್ದು ಬಾಟಲಿಗೆ ಬಂದಿತ್ತು. ಇಷ್ಟು ದಿನ ಮೋರಿಗೆ ಹೋದದ್ದು ಬರೀ ನೀಲಿಯೇ?

“ನಿನ್ನೆನೂ ಇದೇ ನೀರಲ್ಲೇ ಕಲಸಿ ಕುಡಿಸಿದ್ದು,” ಎಂದಳು ಮೇವಿಸ್.

ಎಡ್ನಾ ಬಾಟಲಿ ಹಿಡಿದೇ ಬೀದಿಗೆ ಓಡಿದಳು. “ನರ್ಸಮ್ಮಾ! ಚಾಪೆ ಕೆಳಗೆ ಬಿರುಕಿದೆ. ನಾನೇ ಮುಚ್ಚಿಟ್ಟೆ. ನಮ್ಮನ್ನ ಹೊರಗೆ ಹಾಕಿದ್ರೂ ಹಾಕಿ, ಮಗೂನ ನೋಡಿ ಮೊದಲು!”

ಯಾರೂ ಯಾರನ್ನೂ ಹೊರಗೆ ಹಾಕಲಿಲ್ಲ. ಯಾರೂ ಬಳಸದಂತೆ ನರ್ಸ್ ಕೊಳಾಯಿಗೆ ಬಟ್ಟೆ ಬಿಗಿದು ಕಟ್ಟಿದಳು. ಬೀದಿಯ ತುದಿಗೆ ನೀರಿನ ಗಾಡಿ ಬಂತು. ಕಲ್ಲಿದ್ದಲು ಮುಗಿದಿತ್ತಲ್ಲ, ಪಕ್ಕದ ಮನೆಯ ಡೋರಿಸ್ ಕರೆದಳು: “ಕೆಟಲ್ ತಗೊಂಡು ಬಾರೇ. ಐದು ಮನೆಗೂ ನನ್ನ ಒಲೆನೇ ಸಾಕು. ನಿನ್ನ ಬಟ್ಟೆ ಮಾತ್ರ ತರಬೇಡ!” ಗಾಡಿಯ ನೀರನ್ನೂ ಅಲ್ಲಿ ಕುದಿಸಿಯೇ ಕುಡಿದರು. ಗುರುವಾರ ಕೆಲಸಗಾರರು ಹಿತ್ತಿಲು ಅಗೆದರು. ಎರಡು ಪೈಪುಗಳೂ ಮೊಳದಷ್ಟು ಅಂತರದಲ್ಲಿ ಒಡೆದಿದ್ದವು. ಅವನ್ನು ಸರಿಮಾಡಿದರು. ಬಂದ ಅಧಿಕಾರಿ ಸೂರನ್ನೂ ನೋಡಿ, ದುರಸ್ತಿಯ ಪಟ್ಟಿಗೆ ಹೆಸರು ಬರೆದುಕೊಂಡ. “ಮೊದಲೇ ಹೇಳಿದ್ದರೆ ಇಷ್ಟು ಹೊತ್ತಿಗೆ ಹೆಂಚು ಕೂತಿರುತ್ತಿತ್ತಲ್ಲ, ತಾಯಿ,” ಎಂದ.

ಕಾಲಿನ್‌ಗೆ ಮೂರು ದಿನ ಭೇದಿ. ನರ್ಸ್ ದಿನಕ್ಕೆರಡು ಸಲ ಬಂದು ನೋಡಿದಳು. ಭೇದಿ ನಿಂತ ಮೇಲೂ, ಟೈಫಾಯ್ಡ್ ತಡವಾಗಿ ಬರಬಹುದು, ಮೂರು ವಾರ ಜ್ವರ ಬರುತ್ತದೇನೋ ನೋಡಿ ಎಂದಳು. ಎಡ್ನಾ ಕೂಸಿನ ಹಣೆ ಮುಟ್ಟುವುದು, ತನ್ನ ಹಣೆ ಮುಟ್ಟಿಕೊಳ್ಳುವುದು, ಮತ್ತೆ ಕೂಸಿನದು. ಮೂರು ವಾರವೂ ಇದೇ. ಜ್ವರ ಬರಲಿಲ್ಲ.

ಆಮೇಲಿನ ಸೋಮವಾರ ಎಡ್ನಾ ನೀಲಿ ನೀರನ್ನು ಮೋರಿಗೆ ಚೆಲ್ಲಿ, ಕಾದು, ಬಾಟಲಿಗೆ ಕೊಳಾಯಿ ನೀರು ಹಿಡಿದಳು. ಬಾಗಿಲಿಗೆ ಬಂದು ನೋಡಿದಳು. ತಿಳಿಯಾಗಿತ್ತು.

“ಇನ್ನು ಕುದಿಸದೆ ಹಾಗೇ ಕುಡೀಬಹುದಲ್ಲಮ್ಮಾ?” ಎಂದಳು ಮೇವಿಸ್.

“ಬಾಂಬು ನಿಂತಿದೆಯೇನೇ?” ಎಂದು ಎಡ್ನಾ ಕೆಟಲ್ ಒಲೆಗೇರಿಸಿದಳು.

ಅಕ್ಕತಂಗಿಯರೇ, ನಿಮ್ಮ ಊರಿನ ಮೇಲೆ ಬಾಂಬು ಬೀಳದಿರಲಿ. ಆದರೆ ಪೈಪು ಒಡೆಯಲು ಬಾಂಬೇ ಆಗಬೇಕಿಲ್ಲ. ಒಂದು ನೆರೆ ಸಾಕು, ರಸ್ತೆ ಅಗೆಯುವ ಗುದ್ದಲಿ ಸಾಕು. ಎಲ್ಲ ಹೊಲಸಿಗೂ ನೀಲಿಯ ಬಣ್ಣವಿರುವುದಿಲ್ಲ. ಉರುವಲು ಕಡಿಮೆಯಿದ್ದರೆ ಬಟ್ಟೆ ನಾಳೆಗಿರಲಿ, ಕುಡಿಯುವ ನೀರು ಮೊದಲು ಕುದಿಯಲಿ. ಮನೆಯಲ್ಲಿ ಬಿರುಕಿದ್ದರೆ ಇಂದೇ ಹೋಗಿ ಹೇಳಿ. ನಿಮ್ಮ ಚಾಪೆಯನ್ನು ನೀವೇ ಎತ್ತಿ.